ಹೊಂಟತು ಅಂದ್ರ ಹೊಂಟತು

ವಿಜಯಪುರದ ಬಬಲೇಶ್ವರ ನಾಕಾದಲ್ಲಿ ನಿಂತು ಧೂಳಪ್ಪ ಒಮ್ಮೆ "ಹೊಂಟತು!" ಎಂದು ಕೂಗಿದರೆ ಬಲ್ಲವರು ಚಹಾ ಹೇಳುತ್ತಿದ್ದರು. "ಹೊಂಟ ಬಿಟ್ಟತು!" ಎಂದು ಎರಡನೇ ಸಲ ಕೂಗಿದರೆ ಚಹಾ ಕುಡಿಯಲು ಶುರು ಮಾಡುತ್ತಿದ್ದರು. ಮೂರನೇ ಕೂಗಿಗೆ ಎಲೆ ಅಡಿಕೆ ಬಾಯಿಗೆ ಹಾಕಿ, ಧೋತರ ಝಾಡಿಸಿ, ಸಾವಕಾಶವಾಗಿ ಎದ್ದು ಬರುತ್ತಿದ್ದರು. ಆಗಲೂ ತಿಕೋಟಾದ ಕ್ರೂಸರ್ ಗಾಡಿ ಅಲ್ಲೇ ನಿಂತಿರುತ್ತಿತ್ತು, ಡ್ರೈವರ್ ಅದರ ನೆರಳಿನಲ್ಲಿ ಕುಳಿತು ಶೇಂಗಾ ಸುಲಿಯುತ್ತಿರುತ್ತಿದ್ದ.

ಜೈನಾಪುರದ ಧೂಳಪ್ಪ ಮೀಸೆ ಚಿಗುರುವ ಮೊದಲೇ ನಾಕಾಕ್ಕೆ ಬಂದು ನಿಂತವನು. ಗಾಡಿ ಅವನದಲ್ಲ, ಓಡಿಸುವವನೂ ಅವನಲ್ಲ. ತುಂಬಿಸುವುದಷ್ಟೇ ಅವನ ಕಸುಬು. ಅದರಲ್ಲಿ ಅವನನ್ನು ಮೀರಿಸುವ ಏಜೆಂಟ್ ತಿಕೋಟಾ, ಬಬಲೇಶ್ವರ ಎರಡೂ ದಾರಿಯಲ್ಲಿ ಹುಟ್ಟಿರಲಿಲ್ಲ. ಒಮ್ಮೆ ಊರೊಳಗಿನ ಒಬ್ಬ ದರ್ಜಿ ಬೀಡಿ ಕೊಳ್ಳಲು ನಾಕಾಕ್ಕೆ ಬಂದಿದ್ದ. ಧೂಳಪ್ಪ ಅವನ ಹೆಗಲ ಮೇಲೆ ಕೈಹಾಕಿ, "ಬರ್ರಿ ಮಾಲಕರ, ನಿಮ್ಮ ಸಲುವಾಗೇ ಕಿಟಕಿ ಹಿಡದೇನಿ" ಎಂದು ಗಾಡಿಯಲ್ಲಿ ಕೂಡಿಸಿಯೇಬಿಟ್ಟ. ತನಗೆ ತಿಕೋಟಾದಲ್ಲಿ ಏನೂ ಕೆಲಸವಿಲ್ಲ ಎಂಬುದು ಆ ದರ್ಜಿಗೆ ನೆನಪಾದದ್ದು ತಿಕೋಟಾ ಬಂದ ಮೇಲೆ!

ಧೂಳಪ್ಪ ಸುಳ್ಳುಗಾರ ಎಂದು ಯಾರೂ ಅನ್ನುತ್ತಿರಲಿಲ್ಲ ಅನ್ನಿ. ಅದು ವ್ಯವಹಾರ. ಗಾಡಿ ಈಗ ಹೊರಡುತ್ತದೆ ಎಂದು ಏಜೆಂಟ್ ಸುಳ್ಳು ಹೇಳಬೇಕು, ಈಗ ಬಂದೆ ಎಂದು ಮಂದಿ ಫೋನಿನಲ್ಲಿ ಸುಳ್ಳು ಹೇಳಬೇಕು. ಮನೆಯಲ್ಲಿ ಇನ್ನೂ ಮುಖಕ್ಕೆ ನೀರು ಹಾಕಿಕೊಳ್ಳುತ್ತಿರುವವನು "ನಾಕಾ ದಾಟೇನಿ" ಎನ್ನುತ್ತಿದ್ದ. ಎರಡೂ ಸುಳ್ಳು ಒಂದಕ್ಕೊಂದು ಸರಿಹೋಗಿ ಗಾಡಿಯೂ ಮಂದಿಯೂ ಒಂದೇ ಹೊತ್ತಿಗೆ ತಯಾರಾಗುತ್ತಿದ್ದರು. ಇಷ್ಟು ಸುಸೂತ್ರ ನಡೆಯುವ ಏರ್ಪಾಡು ಲೋಕದಲ್ಲಿ ಬೇರೆ ಎಲ್ಲಿದೆಯೋ ನನಗಂತೂ ಗೊತ್ತಿಲ್ಲ.

ಇಂಥ ಸುಖದ ಕಾಲದಲ್ಲಿ ಒಂದು ದಿನ ಸತೀಶಕುಮಾರ ನಾಕಾದಲ್ಲಿ ಕಾರು ನಿಲ್ಲಿಸಿ ಇಳಿದ. ತಿಕೋಟಾದ ಶಿವಯೋಗೆಪ್ಪ ಸಾವಕಾರರ ಮಗ. ಅಪ್ಪನದು ದ್ರಾಕ್ಷಿ ತೋಟ, ಒಣದ್ರಾಕ್ಷಿ ವ್ಯಾಪಾರ. ಮಗ ಅದರ ಮೇಲೆ ಬೆಂಗಳೂರಿಗೆ ಸ್ಲೀಪರ್ ಬಸ್ಸು ಬಿಟ್ಟು ನಾಲ್ಕು ಕಾಸು ನೋಡಿದವನು. ಕಾಲೇಜಿಗೆ ಹೋಗುವ ಕಾಲದಲ್ಲಿ ಧೂಳಪ್ಪ ತುಂಬಿಸಿದ ಗಾಡಿಗಳಲ್ಲೇ ಒಂದು ತೊಡೆಯ ಮೇಲೆ ಕೂತು ಓಡಾಡಿದವನು.

"ಕಾಕಾ, ನಾ ಒಂದು ವಿಮಾನ ತರಾಕತ್ತೇನಿ" ಎಂದ.

"ತರ್ರಿ ಸಣ್ಣ ಸಾವಕಾರ್ರ" ಎಂದ ಧೂಳಪ್ಪ, ಹೊಸ ಟಂಟಂ ರಿಕ್ಷಾ ತರುವ ಸುದ್ದಿ ಕೇಳಿದವನ ಹಾಗೆ. "ಎಷ್ಟ ಮಂದಿ ಕುಂದರ್ತಾರ?"

"ಹತ್ತೊಂಬತ್ತ."

"ಒತ್ತಿ ಕುಂದರಿಸಿದ್ರ ಇಪ್ಪತ್ತೈದಕ್ಕ ಕೊರತಿ ಇಲ್ಲ ಬಿಡ್ರಿ."

"ವಿಮಾನದಾಗ ಒತ್ತಾಕ ಬರೂದಿಲ್ಲ ಕಾಕಾ!" ಸತೀಶಕುಮಾರ ಬಿದ್ದು ಬಿದ್ದು ನಕ್ಕ. ಆಮೇಲೆ ಅವನ ಕೈ ಹಿಡಿದುಕೊಂಡ. "ಪೈಲಟ್ ಸಿಕ್ಕಾರ, ಲೈಸೆನ್ಸ್ ಸಿಕ್ಕೈತಿ. ಮಂದಿ ತುಂಬಸಾವ ಬೇಕು. ಮ್ಯಾಲೆ ಹಾರೂದು ಅಂದ್ರ ನಮ್ಮ ಮಂದಿಗಿ ಅಂಜಿಕಿ. ನೀವು ಒದರಿದ್ರ ಬರ್ತಾರ."

ಧೂಳಪ್ಪನಿಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ. ಸೈಕಲ್ ಮೇಲೆ ಜೈನಾಪುರದಿಂದ ಬಂದವನು ವಿಮಾನದ ಏಜೆಂಟ್ ಆಗುವುದೆಂದರೆ! ಹೆಂಡತಿ ಶಂಕ್ರೆವ್ವ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು: "ಮ್ಯಾಲ ಹೋದ ಮ್ಯಾಲ ಬಂದ್ ಬಿತ್ತಂದ್ರ ಇಳದು ತಳ್ಳಾವ್ರು ಯಾರು?"

"ಏ, ಸುಮ್ಮಕಿರ ಬೇ. ಅದೇನು ಕ್ರೂಸರ್ ಐತೇನ?"

"ನೀ ಹೋಗಾವ ಅಂದಮ್ಯಾಲ ಅದೂ ಕ್ರೂಸರ್ ಆಗತೈತಿ ತಗೋ" ಎಂದಳು ಶಂಕ್ರೆವ್ವ. ಆ ಹೆಣ್ಣುಮಗಳ ಬಾಯಲ್ಲಿ ಆ ದಿನ ಶಕುನದ ಹಕ್ಕಿಯೇ ಕೂತಿತ್ತೇನೋ.

ಕಂಪನಿಗೆ ‘ಡೋಣಿ ಏರ್’ ಎಂದು ಹೆಸರಿಟ್ಟರು. ಡೋಣಿ ಬೆಳೆದರೆ ಓಣಿ ತುಂಬ ಜೋಳ ಎಂದು ನಂಬಿದ ನಾಡು ಇದು. ಡೋಣಿ ಹೊಳೆಯ ಹೆಸರಿಗಿಂತ ದೊಡ್ಡ ಹೆಸರು ಎಲ್ಲಿಂದ ತರುವುದು? ಎರಡು ಪಂಖದ ಸಣ್ಣ ವಿಮಾನ ಬಾಡಿಗೆಗೆ ಬಂತು. ಬಿಳಿ ಮೈ, ಬಾಲದ ಮೇಲೆ ಬಂಗಾರದ ಬಣ್ಣದ ಜೋಳದ ತೆನೆ. ಅದು ಮೊದಲ ಸಲ ಊರ ಮೇಲೆ ಒಂದು ಸುತ್ತು ಹಾಕಿದಾಗ ಗೋಳಗುಮ್ಮಟ ನೋಡಲು ಬಂದವರೆಲ್ಲ ಗುಮ್ಮಟ ಬಿಟ್ಟು ಅದನ್ನೇ ನೋಡಿದರು. ಶಿವಯೋಗೆಪ್ಪ ಸಾವಕಾರರು ತಿಕೋಟಾದ ತಮ್ಮ ಅಂಗಡಿಯ ಕಟ್ಟೆಯ ಮೇಲೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, "ಎತ್ತಿನ ಗಾಡಿ ಆತು, ಟ್ರ್ಯಾಕ್ಟರ್ ಆತು, ಬಸ್ಸೂ ಆತು. ಇನ್ನ ನೆಲದ ಮ್ಯಾಲೆ ಓಡಸಾಕ ಏನ ಉಳದೈತಿ? ಹಾರಸು ಮಗನ, ಹಾರಸು!" ಎಂದರಂತೆ.

ಧೂಳಪ್ಪ ವಿಮಾನದ ಒಳಹೊಕ್ಕು ನೋಡಿದವನು ನಿಂತಲ್ಲೇ ನಿಂತ. ಆಚೆ ಒಂದು ಸಾಲು, ಈಚೆ ಒಂದು ಸಾಲು, ನಡುವೆ ಹಾದಿ. ಪ್ರತಿ ಸೀಟಿಗೂ ಒಂದು ಕಿಟಕಿ! ಹರೆಯದಿಂದ ನರೆಗೂದಲಿನವರೆಗೆ ಸಾವಿರಾರು ಮಂದಿಗೆ ಕಿಟಕಿ ಕೊಡುತ್ತೇನೆಂದು ಹೇಳಿ ನಡುವೆ ಹಿಸುಕಿ ಕೂಡಿಸಿದ ಪಾಪಿ ಅವನು. "ಯಪ್ಪಾ, ಇದರಾಗ ಸುಳ್ಳ ಹೇಳೂ ಕೆಲಸಾನ ಇಲ್ಲಲ್ಲೋ" ಎಂದು ಅವನ ಬಾಯಿಂದ ತಾನಾಗಿ ಬಂತು.

ವಿಮಾನ ನಿಲ್ದಾಣದ ಉಸ್ತುವಾರಿಗೆ ಸಂಘಮಿತ್ರಾ ಬಂದಳು. ಮಮದಾಪುರದವಳು. ಹೊರಗಿನ ದೊಡ್ಡ ನಿಲ್ದಾಣಗಳಲ್ಲಿ ಕೆಲಸ ಮಾಡಿ, ಸ್ವಂತ ನಾಡಿನಿಂದ ವಿಮಾನ ಹಾರುತ್ತದೆ ಎಂದು ಕೇಳಿದ್ದೇ ಅಲ್ಲಿಯದನ್ನು ಬಿಟ್ಟು ಬಂದಿದ್ದಳು. ಅವಳದು ಒಂದೇ ಮಂತ್ರ: ವಿಮಾನ ಹತ್ತಕ್ಕೆಂದರೆ ಹತ್ತಕ್ಕೆ. ಅರ್ಧ ತಾಸು ಮೊದಲು ಕೌಂಟರ್ ಬಂದ್. ಧೂಳಪ್ಪ ಇದನ್ನು ಕೇಳಿ, ಹೊಸಬರೆಲ್ಲ ಹೀಗೇ ಮಾತಾಡುತ್ತಾರೆ ಎಂದು ಮನಸ್ಸಿನಲ್ಲೇ ನಕ್ಕ.

ಆಮೇಲೆ ಅವನು ಸೀಟು ತುಂಬಿಸಿದ ಪರಿಯನ್ನು ಹೇಳಬೇಕು! ಬಬಲೇಶ್ವರದ ಸಂತೆಯಲ್ಲಿ ಮೆಣಸಿನಕಾಯಿ ಚೀಲದ ಮೇಲೆ ಹತ್ತಿ ನಿಂತು ಕೂಗಿದ. "ಮುಂಜಾನಿ ಮನ್ಯಾಗ ರೊಟ್ಟಿ ತಿಂದು ಹತ್ತರಿ, ಮಧ್ಯಾಹ್ನದ ಅನ್ನ ಬೆಂಗಳೂರಾಗ ಉಣ್ಣರಿ! ಎಲ್ಲಾರಿಗೂ ಕಿಟಕಿ, ಖರೇನ ಕಿಟಕಿ!" ಕಳ್ಳಕವಟಗಿಗೆ ಹೋಗಿ ದ್ರಾಕ್ಷಿ ಬೆಳೆಗಾರರನ್ನು ಹಿಡಿದ. ಆಸ್ಪತ್ರೆಗೆ ಹೋಗುವವರು, ಮಗಳ ಬಾಣಂತನಕ್ಕೆ ಹೋಗುವವರು, ಸುಮ್ಮನೆ ಒಮ್ಮೆ ಮೋಡ ಮುಟ್ಟಿ ಬರಬೇಕೆನ್ನುವವರು, ಎಲ್ಲರೂ ಒಪ್ಪಿದರು. ಮೊದಲ ವಿಮಾನದ ಅಷ್ಟೂ ಟಿಕೀಟು ಮಾರಿದ. ಸತೀಶಕುಮಾರ ಅವನನ್ನು ಅಪ್ಪಿಕೊಂಡು ಎತ್ತಿಯೇಬಿಟ್ಟ.

ಆ ದಿನ ಬಂತು. ಬ್ಯಾಂಡು, ಹೂವು, ಪೇಢೆ. ಕೌಂಟರ್ ಬಂದ್ ಆಗುವ ಹೊತ್ತಿಗೆ ಒಳಗೆ ಬಂದಿದ್ದವರು ನಾಲ್ವರು. ಅವರೂ ಪರ ಊರಿನವರು. ಧೂಳಪ್ಪ ಹೊರಗೆ ಓಡಿದ. ನಿಲ್ದಾಣದ ಎದುರಿನ ಚಹಾದ ಗೂಡಂಗಡಿಯ ನೆರಳಿನಲ್ಲಿ ಕಳ್ಳಕವಟಗಿಯ ಮಂದಿ ಗುಂಪಾಗಿ ಕೂತು, ಬುತ್ತಿ ಬಿಚ್ಚಿ, ಶೇಂಗಾ ಹಿಂಡಿಯ ಚಟ್ನಿಗೆ ಎಣ್ಣೆ ಕಲೆಸುತ್ತಿದ್ದರು.

"ಏಳ್ರೋ! ಹೊಂಟತು!" ಎಂದು ಚೀರಿದ.

"ಹೂಂ ಹೂಂ, ಬಂದ್ವಿ" ಎಂದರು ಅವರು, ಒಬ್ಬರೂ ಮಿಸುಕಲಿಲ್ಲ.

ಅವನು ಕೈ ಹಿಡಿದು ಎಳೆದ, ಗದ್ದ ಹಿಡಿದು ಬೇಡಿಕೊಂಡ. ಅವರು ಅವನಿಗೂ ಅರ್ಧ ರೊಟ್ಟಿ ಕೊಡಲು ಬಂದರು. ಅಷ್ಟರಲ್ಲಿ ಗೋಡೆಯ ಆಚೆ ಗುಡುಗಿದ ಹಾಗಾಯಿತು. ಜೋಳದ ತೆನೆಯ ಬಾಲ ಬಿಸಿಲಿನಲ್ಲಿ ಥಳಥಳಿಸುತ್ತ ಅವರ ತಲೆಯ ಮೇಲೆಯೇ ಹಾರಿಹೋಯಿತು. ಅವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಒಬ್ಬ ಟೋಪಿ ತೂರಿದ.

"ಭಾರಿ ಐತಿ ಬಿಡು! ಇದು ಎಲ್ಲಿಗಿ ಹೊಂಟತಪಾ ಧೂಳಪ್ಪ?"

"ಬೆಂಗಳೂರಿಗಿ" ಎಂದ ಧೂಳಪ್ಪ, ನೆಲದ ಮೇಲೆ ಕುಸಿದು ಕೂತು.

"ಹೌದಾ? ಹಂಗಾರ ನಮ್ಮದು ಇದರ ಹಿಂದ ಬರತೈತೇನ?"

ತಮ್ಮ ವಿಮಾನಕ್ಕೆ ತಾವೇ ಚಪ್ಪಾಳೆ ತಟ್ಟಿ ಕಳಿಸಿಕೊಟ್ಟೆವು ಎಂದು ತಿಳಿದಾಗ ಅವರು ಮಾಡಿದ ಗದ್ದಲವನ್ನು ಬರೆಯುವುದು ಬೇಡ. "ನೀ ಒಂದ ಸಲ ಒದರಿದ್ದೀ" ಎಂದು ಅವರಲ್ಲಿ ಹಿರಿಯ ನ್ಯಾಯ ಕೇಳಿದ. "ಮೂರನೇದು ಒದರಲಿ ಅಂತ ಕುಂತಿದ್ವಿ. ನಾಕಾದಾಗ ಹುಟ್ಟಿನಿಂದ ನಡಕೊಂಡ ಬಂದ ಪದ್ಧತಿ ಇದು!" ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ.

ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಟಿಕೀಟು ಹೋಗುತ್ತಿದ್ದವು, ಮಂದಿ ಬರುತ್ತಿರಲಿಲ್ಲ. ಬಂದವರು ತಡವಾಗಿ ಬಂದು ಬಾಗಿಲ ಮುಂದೆ ಜಗಳ ತೆಗೆಯುತ್ತಿದ್ದರು. ವಿಮಾನ ದಿನಾ ಖಾಲಿ ಹೊಟ್ಟೆಯಲ್ಲಿ ಹಾರುತ್ತಿತ್ತು. ಧೂಳಪ್ಪ ಊರೂರಿಗೆ ಹೋಗಿ, "ನನ್ನಾಣಿ, ಹತ್ತಕ್ಕಂದ್ರ ಹತ್ತಕ್ಕ" ಎಂದು ಎದೆ ಮುಟ್ಟಿ ಹೇಳಿದ. ಮಂದಿ ತಲೆಯಾಡಿಸಿ, "ಖರೇನ?" ಎಂದು ಕೇಳಿ ಕಣ್ಣು ಹೊಡೆಯುತ್ತಿದ್ದರು. ಅವನು ಆಣೆ ಇಟ್ಟಷ್ಟೂ ಅವರಿಗೆ ನಗು.

ಕೊನೆಗೆ ಅವನಿಗೆ ಹಳೆಯ ಬುದ್ಧಿಯೇ ಬಂತು. ವಿಮಾನ ಎಂಟಕ್ಕೆ ಎಂದು ಹೇಳಿದ. ಒಂದು ದಿನ ಕೆಲಸ ಮಾಡಿತು. ಒಂಬತ್ತಕ್ಕೆ ಬಂದವರೆಲ್ಲ ವಿಮಾನ ಹತ್ತಿದರು, ಸತೀಶಕುಮಾರ ಕುಣಿದ. ಆದರೆ ಮಂದಿ ಹುಚ್ಚರೇ? ಎಂಟು ಅಂದದ್ದು ಹತ್ತಾಯಿತು ಎಂಬ ಸುದ್ದಿ ಸಂಜೆಯೊಳಗೆ ಬಬಲೇಶ್ವರ ಮುಟ್ಟಿತು. "ಏ, ಧೂಳಪ್ಪನ ಎಂಟು ಅಂದ್ರ ನಮ್ಮ ಹತ್ತು" ಎಂದು ಲೆಕ್ಕ ಹಾಕಿಕೊಂಡು ಮಾರನೆಯ ದಿನ ಎಲ್ಲರೂ ಹತ್ತೂ ಕಾಲಿಗೆ ಬಂದರು.

ಸಂಘಮಿತ್ರಾ ಅವನನ್ನು ಕೂಡಿಸಿಕೊಂಡು, ಸಿಟ್ಟಾಗದೆ ಹೇಳಿದಳು: "ಕಾಕಾ, ಸುಳ್ಳಿನ ಮ್ಯಾಲೆ ಸುಳ್ಳ ಪೇರಸಾಕತ್ತೀರಿ. ವಿಮಾನ ಬಾಡಿಗಿ ಕೊಟ್ಟ ಕಂಪನಿಯಾವ್ರು ಸತೀಶ ಸರ್‌ಗೆ ಹೇಳ್ಯಾರ, ದೀಪಾವಳಿ ಒಳಗ ಸೀಟ ತುಂಬಲಿಲ್ಲಂದ್ರ ವಿಮಾನ ಬ್ಯಾರೆ ಊರಿಗಿ ಒಯ್ತಾರಂತ. ನಮ್ಮ ಊರಿನ ವಿಮಾನ ಹೋಗಿಬಿಡತೈತಿ. ಮಂದಿ ನಂಬಬೇಕಂದ್ರ ಒಂದ ಹಾದಿ. ಯಾರಿಗೂ ಕಾಯಬಾರ್ದು. ನಾಳಿಯಿಂದ ಕೌಂಟರ್ ಬಂದ್ ಮಾಡಾವ್ರು ನೀವ."

"ನಾನಾ?"

"ನೀವ. ಮಂದಿ ನಿಮ್ಮ ಬಾಯಿ ನಂಬೂದಿಲ್ಲ. ಕೈ ನೋಡ್ಲಿ."

ಮುಖ ಕೆಂಪಗಾದರೂ ಧೂಳಪ್ಪ ಒಪ್ಪಿದ. ಅಂದಿನಿಂದ ಕೌಂಟರಿನ ಮುಂದೆ ಹಗ್ಗ ಎಳೆದು ‘ಬಂದ್’ ಎಂಬ ಹಲಗೆ ಇಡುವುದು ಅವನ ಕೆಲಸವಾಯಿತು. ಒಬ್ಬ ಮನುಷ್ಯ ಇನ್ನೂ ಬರುವುದಿದೆ ಎಂದು ಗೊತ್ತಿದ್ದೂ ಗಾಡಿ ಬಿಡುವುದು ಅವನ ಜೀವಕ್ಕೆ ಎಷ್ಟು ಕಷ್ಟವಾಗುತ್ತಿತ್ತೆಂದರೆ, ಹಲಗೆ ಇಟ್ಟು ಅವನು ಒಮ್ಮೆ ಹಿಂದಕ್ಕೆ ಹೋಗಿ ಮುಖ ತೊಳೆದು ಬರುತ್ತಿದ್ದ. ನಿಧಾನವಾಗಿ ನಾಲ್ಕು ಇದ್ದದ್ದು ಎಂಟಾಯಿತು, ಹತ್ತಾಯಿತು. ಆದರೂ, "ಇದೆಲ್ಲ ನಮ್ಮಂಥವರಿಗಿ. ದೊಡ್ಡವರು ಬಂದ್ರ ನಿಲ್ಲತೈತಿ ನೋಡ್ತಿರು" ಎಂಬ ಮಾತು ನಾಕಾದಲ್ಲಿ ಹಾರಾಡುತ್ತಲೇ ಇತ್ತು.

ದೀಪಾವಳಿಗೆ ಕೆಲವೇ ದಿನ ಉಳಿದಾಗ ದೊಡ್ಡವರು ಹೊರಟೇಬಿಟ್ಟರು. ಶಿವಯೋಗೆಪ್ಪ ಸಾವಕಾರರ ಮಗಳು ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ್ದಳು. ಮರುದಿನ ಗೃಹಪ್ರವೇಶ. ಸತೀಶಕುಮಾರ ಮುಂದಾಗಿ ಹೋಗಿದ್ದ. ಸಾವಕಾರರು ಮಗನ ವಿಮಾನವನ್ನು ಮೊದಲ ಸಲ ಹತ್ತುವವರಿದ್ದರು. ತಿಕೋಟಾದ ಬಸ್ಸು ಇವರು ಬರುವ ತನಕ ನಿಲ್ಲುತ್ತಿದ್ದದ್ದು ಇಂದು ನಿನ್ನೆಯದಲ್ಲ. ಇವರು ಅಂಗಡಿಯ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ನಡೆದು ಬಂದು ಕೂತ ಮೇಲೆಯೇ ಕಂಡಕ್ಟರ್ ಸೀಟಿ ಊದುತ್ತಿದ್ದ. ಧೂಳಪ್ಪನೇ ಎಷ್ಟು ಸಲ ಇವರಿಗಾಗಿ ಗಾಡಿಯ ಮುಂದಿನ ಸೀಟು ಹಿಡಿದು ನಿಲ್ಲಿಸಿಲ್ಲ! ಅವನ ಮಗಳ ಮದುವೆಗೆ ಇವರು ಬಂದು ಮುಂದೆ ನಿಂತು ಅಕ್ಕಿಕಾಳು ಹಾಕಿದ್ದರು.

ಆ ದಿನ ಹದಿಮೂರು ಮಂದಿ ಒಳಗೆ ಬಂದು ಕೂತಿದ್ದರು, ಮೊದಲ ದಿನ ಚಪ್ಪಾಳೆ ತಟ್ಟಿದ ಕಳ್ಳಕವಟಗಿಯ ಹಿರಿಯನೂ ಸೇರಿ. ಕೌಂಟರ್ ಬಂದ್ ಮಾಡುವ ಹೊತ್ತು. ಸಾವಕಾರರಿಲ್ಲ. ಧೂಳಪ್ಪ ಫೋನ್ ಮಾಡಿದ.

"ಬಂದೆ ಬಂದೆ, ನಾಕಾ ದಾಟೇನಿ" ಎಂದರು ಸಾವಕಾರರು. ಅವರ ಹಿಂದೆ ಯಾರೋ "ಯಜಮಾನ್ರ, ಇನ್ನೊಂದು ಕಪ್ಪು ಚಾ" ಎನ್ನುವುದು ಕೇಳಿಸಿತು. ನಾಕಾದಲ್ಲಿ ಹಾರ ಹಾಕಿಸಿಕೊಂಡು ಎಲ್ಲರಿಗೂ ಚಹಾ ಕುಡಿಸುತ್ತಿದ್ದರು. ಧೂಳಪ್ಪನಿಗೆ ನಾಕಾದ ಸದ್ದು ಗೊತ್ತಾಗದೇ?

ವಿಮಾನದ ಬಳಿ ನಿಂತಿದ್ದ ಸಂಘಮಿತ್ರಾಳಿಗೆ ಫೋನ್ ಹಚ್ಚಿದ. "ಮೇಡಂರಿ, ದೊಡ್ಡ ಸಾವಕಾರ್ರು ಇನ್ನಾ ಬಂದಿಲ್ಲ."

"ಕಾಕಾ, ಹಲಗಿ ನಿಮ್ಮ ಕೈಯಾಗ ಐತಿ" ಎಂದಳು. "ನೀವ ಏನ ಮಾಡ್ತೀರಿ, ನಾ ಅದಕ್ಕ ಹೂಂ ಅಂತೇನಿ."

ಅವನು ಹಲಗೆ ಹಿಡಿದು ನಿಂತ. ಒಂದು ಕಡೆ ಅನ್ನ ಹಾಕಿದ ಮನೆಯ ಹಿರಿಯ, ಇನ್ನೊಂದು ಕಡೆ ಊರಿನ ವಿಮಾನ. ನಿಲ್ಲಿಸಿದರೆ ಕೇಳುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಗಾಜಿನ ಆಚೆ ಕೂತಿದ್ದ ಕಳ್ಳಕವಟಗಿಯ ಹಿರಿಯ ಎದ್ದು ಮೈಮುರಿದು, ಪಕ್ಕದವನಿಗೆ ಎಲ್ಲರಿಗೂ ಕೇಳುವಂತೆ ಹೇಳಿದ: "ಸಾವಕಾರ್ರು ಬರೂತನಕ ಏನ ಬಿಡೂದಿಲ್ಲ ತಗೋ. ನಡೀರಿ, ಹೊರಗ ಹೋಗಿ ಚಾ ಕುಡದ ಬರೂಣು."

ಮೂವರು ಎದ್ದೇಬಿಟ್ಟರು.

ಇಷ್ಟು ದಿನದ ಪಾಡೆಲ್ಲ ಒಂದು ಕಪ್ಪು ಚಹಾದಲ್ಲಿ ಮುಳುಗುವುದು ಧೂಳಪ್ಪನ ಕಣ್ಣಿಗೆ ಕಂಡಿತು. ಹಗ್ಗವನ್ನು ಜಗ್ಗಿ ಎಳೆದ. ಹಲಗೆಯನ್ನು ಕೌಂಟರಿನ ಮೇಲೆ ಠಕ್ ಎಂದು ಇಟ್ಟು, ನಾಕಾದ ತನ್ನ ಪೂರ್ತಿ ದನಿ ತೆಗೆದು ಕೂಗಿದ: "ಹೊಂಟತು!"

ಎದ್ದಿದ್ದ ಮೂವರು ಅಲ್ಲೇ ಕೂತರು.

ಸಾವಕಾರರು ಬಂದರು. ರುಮಾಲು, ಹೂವಿನ ಹಾರ, ಹಿಂದೆ ಕಳಿಸಲು ಬಂದ ನಾಲ್ಕು ಕಾರು ಮಂದಿ.

"ಧೂಳ್ಯಾ, ಹಗ್ಗಾ ತಗಿ" ಎಂದರು ನಗುತ್ತ.

"ಬಂದ್ ಆಗೈತ್ರಿ ಸಾವಕಾರ್ರ."

"ಯಾರಿಗಿ?"

"ಎಲ್ಲಾರಿಗೂರಿ."

ಸಾವಕಾರರ ನಗು ನಿಂತಿತು. "ಲೇ, ಇದು ಯಾರ ವಿಮಾನ?"

"ನಿಮ್ಮದ ಐತ್ರಿ ಯಪ್ಪಾ" ಎಂದ ಧೂಳಪ್ಪ. ಅವನ ಕಣ್ಣಿಂದ ನೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನಿಮ್ಮದು ಅಂತ ನಿಲ್ಲಿಸಿದ್ರ ನಾಳಿಗಿ ಯಾರದೂ ಆಗಿ ಉಳಿಯೂದಿಲ್ರಿ."

ಹೊರಗೆ ಪಂಖಗಳ ಸದ್ದು ಏರಿತು. ಸಾವಕಾರರು ಕಿವಿಗೊಟ್ಟು ಕೇಳಿದರು. ಬಸ್ಸು ತಮ್ಮನ್ನು ಬಿಟ್ಟು ಹೋಗುವ ಸದ್ದನ್ನು ಆ ಜೀವ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ವಿಮಾನ ಮೇಲೆದ್ದು, ತೆನೆಯ ಬಾಲ ತೋರಿಸಿ, ದಕ್ಷಿಣಕ್ಕೆ ಹೊರಟುಹೋಯಿತು. ಅವರು ಕೊರಳಿನ ಹಾರ ತೆಗೆದು ಧೂಳಪ್ಪನ ಕೌಂಟರಿನ ಮೇಲೆ ಇಟ್ಟರು. "ಇನ್ನ ಈ ವಿಮಾನ ಹತ್ತಿದ್ರ ನನ್ನ ಹೆಸರ ಶಿವಯೋಗೆಪ್ಪ ಅಲ್ಲ" ಎಂದು ಹೇಳಿ, ತಿರುಗಿ ನೋಡದೆ ನಡೆದರು.

ಅವರು ಸ್ಲೀಪರ್ ಬಸ್ಸಿನಲ್ಲಿ ಬೆಂಗಳೂರಿಗೆ ಹೋದರು. ಸಿಟ್ಟು ಬಂದ ಸಾವಕಾರರಿಗೆ ನಿದ್ದೆ ಹೇಗೆ ಬರಬೇಕು? ದಾರಿಯುದ್ದಕ್ಕೂ ಬಸ್ಸಿನವರಿಗೆಲ್ಲ ಧೂಳಪ್ಪನನ್ನು ಬೈದು ಹೇಳಿದರು. ಊಟಕ್ಕೆ ನಿಲ್ಲಿಸಿದಲ್ಲಿ ಬೇರೆ ಬಸ್ಸಿನವರಿಗೂ ಹೇಳಿದರು. ಗೃಹಪ್ರವೇಶಕ್ಕೆ ಬಂದ ನೆಂಟರಿಗೆ ಊಟದ ಪಂಕ್ತಿಯಲ್ಲಿ ಹೇಳಿದರು. "ಸ್ವಂತ ಮಾಲಕನ ಅಪ್ಪನ್ನ ಬಿಟ್ಟ ಹೋತಲ್ರಿ! ನಾ ಬಾಗಲಾಗ ನಿಂತೇನಿ, ಕಣ್ಣ ಮುಂದ ಹೋತು!" ಕೇಳಿದವರು ಲೊಚಗುಟ್ಟಿದರು. ಆದರೆ ಮನಸ್ಸಿನಲ್ಲಿ ಒಂದು ಮಾತು ಗಟ್ಟಿ ಮಾಡಿಕೊಂಡರು: ಸಾವಕಾರನನ್ನೇ ಬಿಟ್ಟು ಹೋಗುವ ವಿಮಾನ ನಮಗೆ ನಿಲ್ಲುತ್ತದೆಯೇ?

ಕೆಲಸ ಹೋಯಿತೆಂದೇ ಧೂಳಪ್ಪ ತಿಳಿದಿದ್ದ. ಶಂಕ್ರೆವ್ವನಿಗೂ ಹೇಳಿದ್ದ. ಅವಳು, "ಹೋದ್ರ ಹೋಗ್ಲಿ, ನಾಕಾ ಎಲ್ಲಿಗೂ ಹೋಗಿಲ್ಲ" ಎಂದು ಧೈರ್ಯ ಹೇಳಿದ್ದಳು. ಬೆಂಗಳೂರಿನಿಂದ ಬಂದ ಸತೀಶಕುಮಾರ ಅವನನ್ನು ಕರೆದು, ಮೇಜಿನ ಮೇಲೆ ಕೈಯೂರಿ, "ಒಂದ ಐದ ಮಿನಿಟ ತಡೀಬೇಕಿತ್ತು ಕಾಕಾ. ಅಪ್ಪ ನನ್ನ ಕೂಡ ಮಾತ ಬಿಟ್ಟಾರ" ಎಂದ. ಧೂಳಪ್ಪ ಕೊರಳಿನ ಗುರುತಿನ ಪಟ್ಟಿ ತೆಗೆದು ಮುಂದೆ ಇಟ್ಟ.

ಅಷ್ಟರಲ್ಲಿ ಸಂಘಮಿತ್ರಾ ಬಾಗಿಲು ಬಡಿಯದೆಯೇ ಒಳಗೆ ನುಗ್ಗಿದಳು. ಆ ಶಿಸ್ತಿನ ಹೆಣ್ಣುಮಗಳು ಓಡಿ ಬಂದದ್ದನ್ನು ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ. "ಸರ್, ಬರ್ರಿ, ಹೊರಗ ನೋಡ್ರಿ!"

ವಿಮಾನಕ್ಕೆ ಇನ್ನೂ ಬಹಳ ಹೊತ್ತಿತ್ತು, ಆಗಲೇ ಬಾಗಿಲ ಮುಂದೆ ಸಾಲು ನಿಂತಿತ್ತು. ಬಬಲೇಶ್ವರದವರು, ಮಮದಾಪುರದವರು, ಜೈನಾಪುರದವರು. ಒಬ್ಬ ಮುದುಕಿ ನಸುಕಿನಲ್ಲೇ ಬಂದು ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಅವಳ ಮಗ ಅಳುಕುತ್ತ ಧೂಳಪ್ಪನನ್ನು ಕೇಳಿದ: "ಕಾಕಾ, ತಡ ಏನ ಆಗಿಲ್ಲಲ್ಲರಿ?"

ಆ ಪ್ರಶ್ನೆ ಕೇಳಿ ಧೂಳಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸತೀಶಕುಮಾರ ಗುರುತಿನ ಪಟ್ಟಿಯನ್ನು ತಾನೇ ಅವನ ಕೊರಳಿಗೆ ಹಾಕಿದ. ಆ ದಿನ ವಿಮಾನ ಪೂರ್ತಿ ತುಂಬಿ ಹಾರಿತು. ಒಂದು ಸೀಟೂ ಖಾಲಿ ಇರಲಿಲ್ಲ! ಸಂಘಮಿತ್ರಾ ರನ್‌ವೇ ಕಡೆಗೆ ನೋಡುತ್ತ ಎರಡೂ ಕೈ ಮೇಲೆತ್ತಿ ಕೂಗಿದಳು, ಸತೀಶಕುಮಾರ ಸೀಟಿ ಹೊಡೆದ.

ದೀಪಾವಳಿ ಬಂತು, ವಿಮಾನ ಊರಲ್ಲೇ ಉಳಿಯಿತು. ಬೇಸಿಗೆಗೆ ಎರಡನೆಯದು ಬಂದು ಹೈದರಾಬಾದಿಗೆ ಹಾರತೊಡಗಿತು. ಸುದ್ದಿ ಕೇಳಿ ಸೊಲ್ಲಾಪುರದ ಕಡೆಯವರೂ, ಅಥಣಿಯ ಕಡೆಯವರೂ ಬಂದು ಹತ್ತುತ್ತಿದ್ದರು. ಮಮದಾಪುರದ ಹೆಣ್ಣುಮಕ್ಕಳಿಬ್ಬರು ಸಂಘಮಿತ್ರಾಳ ಕೈಕೆಳಗೆ ಕೆಲಸಕ್ಕೆ ಸೇರಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಮೂರನೆಯ ವಿಮಾನ, ಮುಂಬೈಗೆ. ತಿಕೋಟಾದಲ್ಲಿ ಯಾರಾದರೂ ಹಟ ಹಿಡಿದರೆ "ಧೂಳಪ್ಪನ ಹಲಗಿ ಇಟ್ಟಾನ ನೋಡು" ಎನ್ನುವ ಮಾತೇ ಹುಟ್ಟಿಕೊಂಡಿತು. ಧೂಳಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆದರೆ ಸಾವಕಾರರು ಮಾತ್ರ ವಿಮಾನ ಹತ್ತಲಿಲ್ಲ. ಮಗನೊಡನೆ ಹೇಗೋ ಮಾತು ಶುರುವಾಗಿತ್ತು, ಧೂಳಪ್ಪನೊಡನೆ ಇಲ್ಲ. ಎದುರು ಬಂದರೆ ಮುಖ ಆಚೆ ತಿರುಗಿಸುತ್ತಿದ್ದರು. ಒಮ್ಮೆ ಧೂಳಪ್ಪ ತಿಕೋಟಾದ ಅಂಗಡಿಗೇ ಹೋಗಿ ಕಾಲು ಮುಟ್ಟಲು ಬಾಗಿದ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಅಷ್ಟು ದೊಡ್ಡ ಖುಷಿಯ ನಡುವೆ ಈ ಒಂದು ನೋವು ಅವನಿಗೆ ಕಾಲಿಗೆ ಹೊಕ್ಕ ಜಾಲಿಮುಳ್ಳಿನ ಹಾಗೆ ಇತ್ತು. ಇಡೀ ಜಿಲ್ಲೆ ಅವನ ಮಾತನ್ನು ನಂಬಿದರೂ, ಯಾರ ಮುಂದೆ ಆ ಮಾತನ್ನು ಮೊದಲ ಸಲ ಉಳಿಸಿಕೊಂಡಿದ್ದನೋ ಅವರೊಬ್ಬರು ನಂಬಲಿಲ್ಲ ಎಂದು ಶಂಕ್ರೆವ್ವನ ಮುಂದೆ ಹೇಳಿಕೊಳ್ಳುತ್ತಿದ್ದ.

ಮುಂಬೈಯ ಮೊದಲ ವಿಮಾನಕ್ಕೆ ಕಾಯಿ ಒಡೆದು ಹತ್ತಲು ಬರಬೇಕೆಂದು ಸತೀಶಕುಮಾರ ಅಪ್ಪನನ್ನು ಎಷ್ಟು ಬೇಡಿಕೊಂಡರೂ ಅವರು ಹೂಂ ಅನ್ನಲಿಲ್ಲ. ಹಿಂದಿನ ದಿನ ಸಂಜೆ ನಿಲ್ದಾಣದಲ್ಲಿ ಹೂವಿನ ತೋರಣ ಕಟ್ಟುತ್ತಿದ್ದರು. ಹೆಂಗಸರು ರಂಗೋಲಿ ಹಾಕುತ್ತಿದ್ದರು, ಎಲ್ಲರ ಬಾಯಲ್ಲೂ ಮುಂಬೈಯದೇ ಮಾತು. ಧೂಳಪ್ಪ ಏಣಿಯ ಮೇಲೆ ನಿಂತಿದ್ದ. ಅಂಗಿಯ ಕಿಸೆಯಲ್ಲಿ ಫೋನ್ ಹೊಡೆದುಕೊಂಡಿತು. ತೆಗೆದು ನೋಡಿದ. ಸಾವಕಾರರ ಹೆಸರು.

ಅವನು ಏಣಿಯಿಂದ ಇಳಿದು, ನೆಟ್ಟಗೆ ನಿಂತು, ಕಿವಿಗೆ ಹಿಡಿದ.

"ಲೇ ಧೂಳ್ಯಾ."

"ಯಪ್ಪಾರಿ."

"ನಾಳಿ ಮುಂಬೈ ವಿಮಾನ ಎಷ್ಟಕ್ಕ ಬಿಡತೈತಿ?"

"ಎಂಟಕ್ಕರಿ."

ಆಚೆಯಿಂದ ಬರುವ ಇನ್ನೊಂದು ಮಾತಿಗಾಗಿ ಧೂಳಪ್ಪ ಕಾದ. ಇಷ್ಟು ವರ್ಷ ನಾಕಾದಲ್ಲಿ ಅವನು ಹೇಳಿದ ಯಾವ ಹೊತ್ತಿಗೂ ಆ ಮಾತು ಬಾಲದಂತೆ ಬಂದೇ ಬಂದಿತ್ತು.

"ಆತು. ಏಳಕ್ಕೇ ಬಂದು ಕುಂದರ್ತೇನಿ" ಎಂದರು ಸಾವಕಾರರು. "ಖರೇನ?" ಎಂದು ಕೇಳಲಿಲ್ಲ. ಫೋನ್ ಇಟ್ಟರು.